ತವರು ಎಂಟು ತಾಸು ದೂರ: ಅರಬ್ ವಲಸಿಗ ದಂಪತಿಗಳಿಗೆ ದಾಂಪತ್ಯದ ತರಗತಿ ನಡೆಸುವ ಬಗೆ

ಅರಬ್ಬೀ ಆಡುಮಾತಿನಲ್ಲಿ, ಮುಖ್ಯವಾಗಿ ಸಿರಿಯಾ, ಜೋರ್ಡನ್, ಪ್ಯಾಲೆಸ್ಟೀನ್ ಕಡೆ, ‘ಹರ್ದಾನೆ’ ಎಂಬ ಮಾತೊಂದಿದೆ. ಗಂಡನ ಮೇಲೆ ಮುನಿಸಿಕೊಂಡು ತವರಿಗೆ ಹೋಗಿ ಕೂತವಳು ಎಂದರ್ಥ. ಹೋದವಳು ಅಲ್ಲಿ ನಾಲ್ಕು ದಿನವೋ ಎರಡು ವಾರವೋ ಇರುತ್ತಾಳೆ. ಅಪ್ಪ, ಅಣ್ಣಂದಿರು ಅವಳ ದೂರು ಕೇಳಿಸಿಕೊಳ್ಳುತ್ತಾರೆ. ಆಮೇಲೆ ಗಂಡನ ಕಡೆಯ ಹಿರಿಯರು ಬರುತ್ತಾರೆ, ಕಾಫಿ ಮುಂದಿಟ್ಟುಕೊಂಡು ಮಾತಾಡುತ್ತಾರೆ, ಗಂಡನಿಂದ ಒಂದೆರಡು ಮಾತು ಒಪ್ಪಿಸುತ್ತಾರೆ, ಅವಳನ್ನು ಮರ್ಯಾದೆಯಿಂದ ವಾಪಸು ಕರೆದುಕೊಂಡು ಹೋಗುತ್ತಾರೆ. ಹೊರಗಿನವರಿಗೆ ಅದು ಬರೀ ಜಗಳ. ಒಳಗಿನವರಿಗೆ ಅದು ಜಗಳ ಮುಗಿಸುವ ದಾರಿ.

ಅದೇ ದಂಪತಿ ಅಮೆರಿಕದ ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಾರೆ ಎನ್ನಿ. ಮುನಿಸಿಕೊಂಡವಳು ಹೋಗುವುದೆಲ್ಲಿಗೆ? ತವರಿರುವ ಅಮ್ಮಾನ್‌ನ ಗಡಿಯಾರ ಚಳಿಗಾಲದಲ್ಲಿ ಎಂಟು ತಾಸು, ಬೇಸಿಗೆಯಲ್ಲಿ ಏಳು ತಾಸು ಮುಂದಿದೆ. ಇಲ್ಲಿ ರಾತ್ರಿ ಏಳಕ್ಕೆ ಜಗಳ ಹತ್ತಿಕೊಂಡರೆ ಅಲ್ಲಿ ನಸುಕಿನ ಮೂರು ಗಂಟೆ, ಅಮ್ಮ ಮಲಗಿರುತ್ತಾಳೆ. ಹೋಗಲು ಮನೆಯಿಲ್ಲ, ಕರೆಯಲು ಬರುವ ಹಿರಿಯರಿಲ್ಲ. ಮುನಿಸು ಅದೇ ಎರಡು ಕೋಣೆಯಲ್ಲಿ, ಮಕ್ಕಳ ಕಣ್ಣೆದುರು, ವಾರಗಟ್ಟಲೆ ಕೊಳೆಯುತ್ತದೆ.

ಈ ದಂಪತಿಗೆ ಪಾಠ ಹೇಳಲು ಹೊರಟವರು ಮಾಡುವ ದೊಡ್ಡ ತಪ್ಪೆಂದರೆ, ಇವರಿಗೆ ಮಾತಾಡಲು ಬರುವುದಿಲ್ಲ, ಕಲಿಸೋಣ ಎಂದುಕೊಳ್ಳುವುದು. ಇವರಿಗೆ ಮಾತು ಬರುತ್ತದೆ. ಆ ಮಾತು ಹರಿಯುತ್ತಿದ್ದ ಕಾಲುವೆ ವಲಸೆಯಲ್ಲಿ ಕಡಿದುಹೋಗಿದೆ. ಅದಕ್ಕೇ ತರಗತಿಯ ಮೊದಲ ಕೆಲಸ ಕಡಿದುಹೋದದ್ದು ಯಾವುದು ಎಂದು ಗುರುತಿಸುವುದು. ಅದರಲ್ಲಿ ಯಾವುದನ್ನು ಇಲ್ಲಿ ಮತ್ತೆ ಕಟ್ಟಬಹುದು, ಯಾವುದನ್ನು ಕಟ್ಟಬಾರದು ಎಂಬುದು ಆಮೇಲಿನ ಮಾತು.

ಯಾರು ಬಂದು ಕೂರುತ್ತಾರೆ

‘ಅರಬ್’ ಎಂಬ ಒಂದು ಹೆಸರನ್ನು ನಂಬಿಕೊಂಡು ಪಠ್ಯ ಬರೆದರೆ ಮೊದಲ ದಿನವೇ ಎಡವುತ್ತೀರಿ. ಅರಬ್ ಲೀಗ್‌ನಲ್ಲೇ 22 ದೇಶಗಳಿವೆ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕಕ್ಕೆ ಬಂದ ಮೊದಲ ಅರಬ್ ವಲಸಿಗರಲ್ಲಿ ಬಹುಪಾಲು ಮಂದಿ ಲೆಬನಾನ್ ಪರ್ವತ ಸೀಮೆಯ ಕ್ರೈಸ್ತರು. ಇಂದು ಅದೇ ಕೋಣೆಯಲ್ಲಿ ಯೆಮನ್‌ನ ಹಳ್ಳಿಯ ಸುನ್ನಿ ಕುಟುಂಬ, ದಕ್ಷಿಣ ಲೆಬನಾನಿನ ಶಿಯಾ ಕುಟುಂಬ, ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತ ಕುಟುಂಬ ಒಟ್ಟಿಗೆ ಕೂರಬಹುದು. ಇರಾಕಿನಿಂದ ಬಂದು ಡೆಟ್ರಾಯಿಟ್ ಸುತ್ತ ನೆಲೆಸಿದ ಕ್ಯಾಲ್ಡಿಯನ್ ಕ್ರೈಸ್ತರಲ್ಲಿ ಅನೇಕರು ತಮ್ಮನ್ನು ಅರಬ್ಬರೆಂದು ಕರೆದುಕೊಳ್ಳುವುದಿಲ್ಲ. ಹೆಸರು ನೋಂದಾಯಿಸುವಾಗಲೇ ‘ನಿಮ್ಮನ್ನು ನೀವು ಏನೆಂದು ಕರೆದುಕೊಳ್ಳುತ್ತೀರಿ’ ಎಂದು ಕೇಳಿ ಬರೆದುಕೊಂಡರೆ ಆಮೇಲಿನ ಮುಜುಗರ ತಪ್ಪುತ್ತದೆ.

ಅಮೆರಿಕದ ಸರ್ಕಾರಿ ಲೆಕ್ಕದಲ್ಲಿ ಇವರು ಬಹುಕಾಲ ‘ಬಿಳಿಯರು’ ಎಂಬ ಕಾಲಂನೊಳಗೆ ಕರಗಿಹೋಗಿದ್ದರು. 2020ರ ಜನಗಣತಿಯಲ್ಲಿ ಸುಮಾರು 35 ಲಕ್ಷ ಮಂದಿ ತಾವು ಮಧ್ಯಪ್ರಾಚ್ಯ ಅಥವಾ ಉತ್ತರ ಆಫ್ರಿಕಾ ಮೂಲದವರೆಂದು ಬರೆದುಕೊಂಡರು. ಡಿಯರ್‌ಬಾರ್ನ್‌ನಲ್ಲಿ ಅವರದು ಅರ್ಧಕ್ಕಿಂತ ಹೆಚ್ಚು ಪಾಲು. ಅವರಿಗೆ ಪ್ರತ್ಯೇಕ ಕಾಲಂ ಬೇಕೆಂದು ಒಕ್ಕೂಟ ಸರ್ಕಾರ ನಿಯಮ ಬದಲಿಸಿದ್ದು 2024ರ ಮಾರ್ಚ್‌ನಲ್ಲಿ. ಇದು ಕಾಗದದ ಮಾತಷ್ಟೇ ಅಲ್ಲ. ಕಾಲಂ ಇಲ್ಲದವರ ದಾಂಪತ್ಯದ ಬಗ್ಗೆ ಯಾವ ಕಾರ್ಯಕ್ರಮದ ವರದಿಯೂ ಏನನ್ನೂ ಹೇಳಲಾರದು. ಅವರಿಗಾಗಿ ಪಠ್ಯ ಬರೆಯಬೇಕೆಂಬ ಯೋಚನೆಯೂ ಹುಟ್ಟುವುದಿಲ್ಲ.

ಹಣ ಇರಲಿಲ್ಲ ಎನ್ನುವಂತಿಲ್ಲ. 2005ರ ವಿತ್ತೀಯ ಕೊರತೆ ತಗ್ಗಿಸುವ ಕಾಯ್ದೆಯ ಮೂಲಕ ಆರೋಗ್ಯಕರ ವಿವಾಹ ಮತ್ತು ತಂದೆತನದ ಕಾರ್ಯಕ್ರಮಗಳಿಗೆ ವರ್ಷಕ್ಕೆ 15 ಕೋಟಿ ಡಾಲರ್ ಎತ್ತಿಡಲಾಯಿತು. ಆ ಕಾಯ್ದೆಯ ಎರಡು ಷರತ್ತುಗಳು ಚಿನ್ನದಂಥವು: ಸೇರುವುದು ಸಂಪೂರ್ಣ ಸ್ವಇಚ್ಛೆಯಿಂದಾಗಿರಬೇಕು, ಮನೆಯೊಳಗಿನ ಹಿಂಸೆಯ ವಿಷಯ ಬಲ್ಲವರನ್ನು ಸಂಸ್ಥೆ ಸಮಾಲೋಚಿಸಿರಬೇಕು. ಸರ್ಕಾರಿ ಹಣ ಇರಲಿ ಬಿಡಲಿ, ಈ ಎರಡನ್ನು ಬಿಟ್ಟು ತರಗತಿ ಶುರುಮಾಡಬೇಡಿ.

ಚಿಕಿತ್ಸೆಯಲ್ಲ, ‘ದೌರಾ’

ಕರಪತ್ರದಲ್ಲಿ ‘ಚಿಕಿತ್ಸೆ’, ‘ಮಾನಸಿಕ’ ಎಂಬ ಪದ ಕಂಡರೆ ಜನ ಬರುವುದಿಲ್ಲ. ಅರಬ್ಬಿಯಲ್ಲಿ ‘ದೌರಾ’ ಎಂದರೆ ತರಬೇತಿ, ಕೋರ್ಸು. ದೌರಾಕ್ಕೆ ಹೋಗುವುದು ಕಲಿಯಲು ಹೋದಂತೆ, ಅದರಲ್ಲಿ ಗೌರವವಿದೆ. ಕೌನ್ಸೆಲಿಂಗ್‌ಗೆ ಹೋಗುವುದು ಮನೆಯ ಗುಟ್ಟು ಹೊರಗಿಟ್ಟಂತೆ. ಮನೆಯ ಕುಂದನ್ನು ಮುಚ್ಚಿಡುವುದಕ್ಕೆ ‘ಸತ್ರ್’ ಎನ್ನುತ್ತಾರೆ, ಅದು ಅವರಲ್ಲಿ ಸದ್ಗುಣ. ಆ ಸದ್ಗುಣವನ್ನು ಮುರಿಯಿರಿ ಎಂದು ಒತ್ತಾಯಿಸುವ ಬದಲು ಅದಕ್ಕೆ ಒಗ್ಗುವಂತೆ ತರಗತಿ ಕಟ್ಟಬಹುದು. ದಂಪತಿ ತಮ್ಮ ಜಗಳವನ್ನು ಗುಂಪಿನ ಮುಂದೆ ಹೇಳಬೇಕಾಗಿಲ್ಲ. ಮೊದಲೇ ಬರೆದಿಟ್ಟ ಕಾಲ್ಪನಿಕ ದಂಪತಿಯ ಪ್ರಸಂಗದ ಮೇಲೆ ಮಾತಾಡಿಸಿ. ‘ಹೀಗೊಬ್ಬ ಗಂಡ ಇದ್ದಾನೆ, ಅವನ ತಾಯಿ ದಿನಾ ಬೆಳಿಗ್ಗೆ ಫೋನ್ ಮಾಡುತ್ತಾಳೆ’ ಎಂದು ಶುರುಮಾಡಿದರೆ ಸುಮ್ಮನಿದ್ದವರೂ ಬಾಯಿ ಬಿಡುತ್ತಾರೆ. ತಮ್ಮ ಮನೆಯ ಮಾತನ್ನೇ ಆಡುತ್ತಿರುತ್ತಾರೆ, ಆದರೆ ಯಾರ ಮಾನವೂ ಹೋಗಿರುವುದಿಲ್ಲ.

ಭಾಷೆಯ ಲೆಕ್ಕ ಎರಡು ಪದರದ್ದು. ಓದುವ ಕಾಗದ ‘ಫುಸ್‌ಹಾ’ದಲ್ಲಿ, ಅಂದರೆ ಎಲ್ಲ ದೇಶದವರಿಗೂ ಸಲ್ಲುವ ಗ್ರಂಥಸ್ಥ ಅರಬ್ಬಿಯಲ್ಲಿ ಇರಲಿ. ಮಾತು ಆಡುನುಡಿಯಲ್ಲೇ ಆಗಬೇಕು. ಫುಸ್‌ಹಾದಲ್ಲಿ ಹೆಂಡತಿಯನ್ನು ಸಮಾಧಾನ ಮಾಡು ಎಂದರೆ ಟಿವಿ ವಾರ್ತೆ ಓದಿದಂತೆ ಕೇಳುತ್ತದೆ. ಮೊರಾಕ್ಕೊದವರೂ ಇರಾಕಿನವರೂ ಒಂದೇ ಗುಂಪಿನಲ್ಲಿದ್ದರೆ ಪರಸ್ಪರ ಆಡುನುಡಿ ಹಿಡಿತಕ್ಕೆ ಸಿಗುವುದು ಕಷ್ಟ. ಸಾಧ್ಯವಾದರೆ ಗುಂಪನ್ನೇ ಬೇರೆ ಮಾಡಿ. ಓದು ಬಾರದವರು ಇರುತ್ತಾರೆ, ಅವರನ್ನು ಕೈಯೆತ್ತಿಸಬೇಡಿ. ಎಲ್ಲ ಹಾಳೆಗಳನ್ನೂ ಬೋಧಕರು ಗಟ್ಟಿಯಾಗಿ ಓದುವುದನ್ನೇ ರೂಢಿ ಮಾಡಿ.

ಭಾವನೆಯ ಪದಗಳಲ್ಲಿ ಅನುವಾದ ಹೆಚ್ಚು ಸೋಲುತ್ತದೆ. ಅಮೆರಿಕದ ಪಠ್ಯಗಳು ‘ನನಗೆ ಇಂಥ ಭಾವನೆ ಆಗುತ್ತಿದೆ’ ಎಂಬ ವಾಕ್ಯದ ಮೇಲೆ ನಿಂತಿವೆ, ಜೊತೆಗೆ ಭಾವನೆಗಳ ಪಟ್ಟಿ ಕೊಡುತ್ತವೆ. ಅರಬ್ಬೀ ಆಡುಮಾತು ಮನಸ್ಸಿನ ಕಷ್ಟವನ್ನು ಮೈಯಲ್ಲಿ ಇಟ್ಟು ಹೇಳುತ್ತದೆ. ಎದೆ ಇಕ್ಕಟ್ಟಾಗಿದೆ, ಹೃದಯ ಹಿಂಡಿದಂತಾಗಿದೆ, ‘ಮಖ್ನೂಕ್’ ಅಂದರೆ ಉಸಿರು ಕಟ್ಟಿದೆ, ‘ತಅಬಾನೆ’ ಅಂದರೆ ದಣಿದಿದ್ದೇನೆ. ಹೆಂಡತಿ ತಿಂಗಳಿಂದ ದಣಿವು ಅನ್ನುತ್ತಿದ್ದರೆ ಗಂಡ ಕಬ್ಬಿಣಾಂಶದ ಮಾತ್ರೆ ತಂದುಕೊಡುತ್ತಾನೆ. ಅವಳು ಹೇಳಿದ್ದು ಬೇರೆಯೇ ಆಗಿರಬಹುದು. ಎದೆ ಭಾರ, ಹೊಟ್ಟೆಯುರಿ, ಕರುಳಿನ ಸಂಕಟ ಎಂದು ಬೆಳೆದ ಕನ್ನಡದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಾಗಾಗಿ ಭಾವನೆಗಳ ಪಟ್ಟಿಯನ್ನು ಬದಿಗಿಟ್ಟು ಒಂದು ಮೈಯ ಚಿತ್ರ ಕೊಡಿ, ‘ಜಗಳವಾದಾಗ ಎಲ್ಲಿ ಹಿಡಿಯುತ್ತದೆ’ ಎಂದು ಗುರುತು ಹಾಕಿಸಿ, ಪಕ್ಕದಲ್ಲಿ ಅವರದೇ ಊರಿನ ಮಾತು ಬರೆಸಿ. ಗಂಡಸರು ಈ ಹಾಳೆಯನ್ನು ತುಂಬುತ್ತಾರೆ. ಭಾವನೆಗಳ ಪಟ್ಟಿ ಕೊಟ್ಟರೆ ಮಡಚಿ ಜೇಬಿಗಿಟ್ಟುಕೊಳ್ಳುತ್ತಾರೆ.

ಸೇರಿಸಿಕೊಳ್ಳುವ ಮೊದಲು

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಹಂತ ಇದು. ತರಗತಿ ಶುರುವಾಗುವ ಮುನ್ನ ಗಂಡನನ್ನೂ ಹೆಂಡತಿಯನ್ನೂ ಬೇರೆಬೇರೆಯಾಗಿ, ತಲಾ 20ರಿಂದ 30 ನಿಮಿಷ ಮಾತಾಡಿಸಲೇಬೇಕು. ಹೆಂಡತಿಯನ್ನು ಹೆಂಗಸೇ ಮಾತಾಡಿಸಲಿ. ‘ಇದು ಎಲ್ಲರಿಗೂ ಮಾಡುವ ನೋಂದಣಿ’ ಎಂದು ಇಬ್ಬರಿಗೂ ಒಂದೇ ಮಾತಿನಲ್ಲಿ ಹೇಳಿ, ಇಲ್ಲದಿದ್ದರೆ ಅವಳನ್ನೇಕೆ ಒಬ್ಬಳನ್ನೇ ಕರೆದರು ಎಂಬ ಅನುಮಾನ ಮನೆಗೆ ಹೋದಮೇಲೆ ಹೊತ್ತಿಕೊಳ್ಳುತ್ತದೆ. ಫೋನಿನಲ್ಲಿ ಮಾತಾಡುವುದಾದರೆ ಮೊದಲು ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸಬಹುದಾದ ಪ್ರಶ್ನೆ ಹಾಕಿ, ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಎಂದು ತಿಳಿದುಕೊಳ್ಳಿ.

‘ನಿಮ್ಮ ಮನೆಯಲ್ಲಿ ಹಿಂಸೆ ಇದೆಯೇ’ ಎಂದು ಕೇಳಿದರೆ ಇಲ್ಲ ಎಂಬ ಉತ್ತರ ಬರುತ್ತದೆ. ಪದ ಬಿಟ್ಟು ಕೆಲಸ ಕೇಳಿ. ಪಾಸ್‌ಪೋರ್ಟ್ ಯಾರ ಬಳಿ ಇದೆ? ಬ್ಯಾಂಕ್ ಕಾರ್ಡ್ ನಿಮ್ಮ ಹತ್ತಿರ ಇದೆಯೇ? ಒಬ್ಬರೇ ಅಂಗಡಿಗೆ ಹೋಗಿಬರಲು ಆಗುತ್ತದೆಯೇ? ಕೋಪ ಬಂದಾಗ ತಳ್ಳಿದ್ದು, ಎಸೆದದ್ದು, ಕುತ್ತಿಗೆ ಹಿಡಿದದ್ದು ಉಂಟೇ? ‘ನಿನ್ನ ಕಾಗದಪತ್ರ ರದ್ದು ಮಾಡಿಸುತ್ತೇನೆ’ ಎಂದದ್ದು ಉಂಟೇ? ಇವುಗಳಿಗೆ ಹೌದು ಎಂದವಳನ್ನೂ ಅವಳ ಗಂಡನನ್ನೂ ದಂಪತಿ ತರಗತಿಗೆ ಸೇರಿಸಿಕೊಳ್ಳಬಾರದು. ಕಾರಣ ಸರಳ. ತರಗತಿ ಅವಳಿಗೆ ಮನಸ್ಸು ಬಿಚ್ಚಿ ಮಾತಾಡು ಎಂದು ಕಲಿಸುತ್ತದೆ, ಮನೆಯಲ್ಲಿ ಅದಕ್ಕೆ ಏಟು ಬೀಳುತ್ತದೆ. ಅವನಿಗೆ ಹೊಸ ಪದಗಳು ಸಿಗುತ್ತವೆ, ಅವನ್ನು ಅವಳ ಮೇಲೆಯೇ ತಿರುಗಿಸುತ್ತಾನೆ. ನಿರಾಕರಣೆಯ ಕಾರಣವನ್ನೂ ಅವಳ ತಲೆಗೆ ಬರದಂತೆ ಹೇಳಬೇಕು: ‘ಈ ಸಲ ಜಾಗ ತುಂಬಿದೆ’ ಸಾಕು. ಅವಳಿಗೆ ಬೇರೆಯಾಗಿ ಸಹಾಯದ ದಾರಿ ತೋರಿಸಿ. ಅಮೆರಿಕದ ರಾಷ್ಟ್ರೀಯ ಕೌಟುಂಬಿಕ ಹಿಂಸೆ ಸಹಾಯವಾಣಿ 1-800-799-7233 ದಿನದ 24 ಗಂಟೆಯೂ ಇದೆ, ದುಭಾಷಿ ಸಿಗುತ್ತಾರೆ. ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಡಬೇಡಿ. ಮಹಿಳೆಯರ ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿಡಿ.

ಕಾಗದಪತ್ರದ ಬೆದರಿಕೆಯ ಬಗ್ಗೆ ಒಂದಿಷ್ಟು ನಿಖರ ಮಾಹಿತಿ ಪ್ರತಿಯೊಬ್ಬ ಬೋಧಕರ ತಲೆಯಲ್ಲಿರಬೇಕು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡ ಅಥವಾ ಹೆಂಡತಿಯ ಮೂಲಕ ಗ್ರೀನ್ ಕಾರ್ಡ್ ಪಡೆದವರಿಗೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡ್. ಅದರ ಅವಧಿ ಮುಗಿಯುವ ಹಿಂದಿನ 90 ದಿನಗಳಲ್ಲಿ ಇಬ್ಬರೂ ಸೇರಿ ಆ ಷರತ್ತು ತೆಗೆಸುವ ಐ-751 ಅರ್ಜಿ ಹಾಕಬೇಕು. ಬೆದರಿಕೆಗೆ ಬಲ ಬರುವುದು ಇಲ್ಲಿಂದಲೇ. ಆದರೆ ಹಿಂಸೆ ನಡೆದಿದ್ದರೆ, ಅಥವಾ ಒಳ್ಳೆಯ ಮನಸ್ಸಿನಿಂದ ಆದ ಮದುವೆ ವಿಚ್ಛೇದನದಲ್ಲಿ ಮುಗಿದಿದ್ದರೆ, ಒಬ್ಬರೇ ಅರ್ಜಿ ಹಾಕಲು ವಿನಾಯಿತಿ ಇದೆ. 1994ರ ಮಹಿಳೆಯರ ಮೇಲಿನ ಹಿಂಸೆ ತಡೆ ಕಾಯ್ದೆಯಡಿ, ಹಿಂಸಿಸುವಾತ ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್‌ದಾರನಾಗಿದ್ದರೆ ಸಂಗಾತಿ ತಾನೇ ಅರ್ಜಿ ಹಾಕಿಕೊಳ್ಳಬಹುದು. ಆ ಅರ್ಜಿಯ ವಿಷಯವನ್ನು ಅಧಿಕಾರಿಗಳು ಅವನಿಗೆ ತಿಳಿಸುವಂತಿಲ್ಲ. ಬೋಧಕರು ವಕೀಲರಂತೆ ಸಲಹೆ ಕೊಡಬಾರದು. ‘ಅವನು ಒಂದು ಫೋನ್ ಮಾಡಿದರೆ ನಾಳೆಯೇ ನಿನ್ನನ್ನು ಕಳಿಸುತ್ತಾರೆ’ ಎಂಬುದು ಸುಳ್ಳು, ವಲಸೆ ವಕೀಲರನ್ನು ಕಾಣು ಎಂದಷ್ಟನ್ನು ಹೇಳುವುದು ಕರ್ತವ್ಯ.

ಗುಂಪು, ಗಂಟೆ, ಬೋಧಕರು

ಆರರಿಂದ ಎಂಟು ದಂಪತಿ, ವಾರಕ್ಕೊಮ್ಮೆ ಎರಡು ಗಂಟೆ, ಎಂಟು ವಾರ. ಇದಕ್ಕಿಂತ ದೊಡ್ಡ ಗುಂಪಿನಲ್ಲಿ ಹೆಂಗಸರು ಮಾತಾಡುವುದಿಲ್ಲ. ಸಣ್ಣ ಗುಂಪಾದರೆ ಎರಡು ಮನೆಯವರು ಬರದ ದಿನ ತರಗತಿಯೇ ಕಳಾಹೀನ. ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇಲ್ಲದೆ ಶುರುಮಾಡಿದರೆ ಎರಡನೇ ವಾರದಿಂದ ಗಂಡ ಒಬ್ಬನೇ ಬರುತ್ತಾನೆ. ಊಟವಿಡುವುದಾದರೆ ಹಲಾಲ್ ಮಾಂಸ ಎಲ್ಲಿಯದೆಂದು ಕೇಳುವವರಿರುತ್ತಾರೆ, ಅಂಗಡಿಯ ಹೆಸರು ಗೊತ್ತಿರಲಿ. ಈಸ್ಟರ್ ಹಬ್ಬಕ್ಕೆ ಮೊದಲಿನ ‘ಗ್ರೇಟ್ ಲೆಂಟ್’ ಉಪವಾಸ ಹಿಡಿದ ಆರ್ಥೊಡಾಕ್ಸ್ ಕುಟುಂಬಕ್ಕೆ ಮಾಂಸವೂ ಹಾಲೂ ಇಲ್ಲದ ತಿನಿಸು ಬೇಕು. ರಂಜಾನ್ ಪ್ರತಿ ವರ್ಷ 10-11 ದಿನ ಹಿಂದಕ್ಕೆ ಸರಿಯುತ್ತದೆ, ಕಳೆದ ವರ್ಷದ ವೇಳಾಪಟ್ಟಿಯನ್ನು ನಕಲು ಮಾಡಬೇಡಿ. ಆ ತಿಂಗಳು ತರಗತಿ ಬೇಡವೇ ಬೇಡ. ಶುಕ್ರವಾರ ಮಧ್ಯಾಹ್ನವೂ ಬೇಡ.

ಬೋಧಕರು ಒಬ್ಬ ಗಂಡಸು, ಒಬ್ಬ ಹೆಂಗಸು, ಸಾಧ್ಯವಾದರೆ ಒಬ್ಬರು ನಡುವಯಸ್ಸು ದಾಟಿದವರು. ಇಪ್ಪತ್ತಾರರ ಹುಡುಗಿ ಎಷ್ಟೇ ಓದಿರಲಿ, ಐವತ್ತರ ಗಂಡಸು ಅವಳಿಂದ ಮದುವೆಯ ಪಾಠ ಕೇಳುವುದಿಲ್ಲ. ಇದನ್ನು ಅನ್ಯಾಯವೆಂದು ವಾದಿಸಿ ಗೆಲ್ಲಬಹುದು, ಆದರೆ ಅವನು ಮುಂದಿನ ವಾರ ಬರುವುದಿಲ್ಲ. ಹೆಸರಿಗೆ ಬದಲು ‘ಅಬು’ ಅಥವಾ ‘ಉಮ್’ ಹಚ್ಚಿ, ಹಿರಿಯ ಮಗುವಿನ ಹೆಸರಿನಿಂದ ಕರೆಯುವುದು ಗೌರವ. ಮಕ್ಕಳಿಲ್ಲದ ದಂಪತಿ ಇದ್ದರೆ ಅವರನ್ನು ಹೇಗೆ ಕರೆಯಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಿ, ಎಲ್ಲರೆದುರು ಆ ಗಾಯ ಕೆದಕಬಾರದು. ಎದುರು ಲಿಂಗದವರಿಗೆ ನೀವಾಗಿ ಕೈ ಚಾಚಬೇಡಿ, ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರೆ ಸಾಕು.

ದುಭಾಷಿ ಅದೇ ಮಸೀದಿಗೆ, ಅದೇ ಚರ್ಚಿಗೆ ಹೋಗುವವರಾಗಿದ್ದರೆ ಬಾಯಿಗಳು ಮುಚ್ಚಿಕೊಳ್ಳುತ್ತವೆ. ಬೇರೆ ರಾಜ್ಯದಲ್ಲಿ ಕೂತು ಹೆಸರಿಲ್ಲದೆ ಮಾತಾಡುವ ಫೋನ್ ದುಭಾಷಿ ಎಷ್ಟೋ ವಾಸಿ. ಮಕ್ಕಳನ್ನು ದುಭಾಷಿ ಮಾಡುವುದಂತೂ ಸಲ್ಲದು. ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ಬ್ಯಾಂಕಿನಲ್ಲಿ ಈಗಾಗಲೇ ಆ ಮಗು ಅಪ್ಪ ಅಮ್ಮನ ಬಾಯಾಗಿದೆ. ಮನೆಯೊಳಗೆ ಯಾರ ಮಾತು ನಡೆಯಬೇಕು ಎಂಬ ಜಗಳಕ್ಕೆ ಅದೇ ಒಂದು ಬೇರು.

ತರಗತಿಯೊಳಗೆ ನಡೆಯುವುದು

ಮೊದಲ ವಾರ ಮಾತಿನ ಕಲೆ ಬೇಡ. ಪ್ರತಿ ದಂಪತಿಗೆ ದೊಡ್ಡ ಹಾಳೆ ಕೊಟ್ಟು ಎರಡು ವೃತ್ತ ಬರೆಸಿ. ಒಂದು ಊರಿನದು, ಒಂದು ಇಲ್ಲಿಯದು. ಊರಿನ ವೃತ್ತದಲ್ಲಿ ಮಗು ಅತ್ತರೆ ಎತ್ತಿಕೊಳ್ಳುತ್ತಿದ್ದವರು ಯಾರು, ಹಣ ಸಾಲದಾದಾಗ ಕೇಳುತ್ತಿದ್ದದ್ದು ಯಾರನ್ನು, ಜಗಳವಾದರೆ ನಡುವೆ ಬರುತ್ತಿದ್ದವರು ಯಾರು ಎಂದು ಬರೆಯಬೇಕು. ಅದೇ ಕೆಲಸಗಳನ್ನು ಇಲ್ಲಿ ಯಾರು ಮಾಡುತ್ತಿದ್ದಾರೆ ಎಂದು ಇನ್ನೊಂದು ವೃತ್ತದಲ್ಲಿ ತುಂಬಬೇಕು. ಇಲ್ಲಿಯ ವೃತ್ತದಲ್ಲಿ ಹೆಚ್ಚಾಗಿ ಎರಡೇ ಹೆಸರು ಮತ್ತೆ ಮತ್ತೆ ಬರುತ್ತವೆ. ಆ ಹಾಳೆ ನೋಡಿದಾಗ, ತಮ್ಮ ಕಷ್ಟ ಎದುರಿನವರ ಸ್ವಭಾವದ ದೋಷವಲ್ಲ, ಹತ್ತು ಜನ ಹೊರುತ್ತಿದ್ದ ಹೊರೆಯನ್ನು ಇಬ್ಬರೇ ಹೊತ್ತಿದ್ದೇವೆ ಎಂದು ತಾವೇ ಕಂಡುಕೊಳ್ಳುತ್ತಾರೆ. ಪರದೇಶದ ಆ ಬೇಗೆಗೆ ಅರಬ್ಬಿಯಲ್ಲಿ ‘ಗುರ್ಬಾ’ ಎಂಬ ಹೆಸರೇ ಇದೆ. ಹಾಳೆಯ ತಲೆಬರಹ ಅದೇ ಇರಲಿ.

ಎರಡನೇ ವಾರದಿಂದ ಮಾತಿನ ಅಭ್ಯಾಸ. ಅಮೆರಿಕದ ‘ಪ್ರೆಪ್’ ಎಂಬ ದಾಂಪತ್ಯ ತರಬೇತಿಯ ಪಠ್ಯಕ್ರಮದಲ್ಲಿ ಹೇಳುವವರು ಮತ್ತು ಕೇಳುವವರು ಎಂಬ ಹೆಸರಾಂತ ಪದ್ಧತಿಯೊಂದಿದೆ: ಒಬ್ಬರು ಚುಟುಕಾಗಿ ಹೇಳಬೇಕು, ಇನ್ನೊಬ್ಬರು ಕೇಳಿದ್ದನ್ನು ತಮ್ಮ ಮಾತಲ್ಲಿ ಮರಳಿ ಹೇಳಬೇಕು, ಆಮೇಲೆ ಸರದಿ ಬದಲು. ಪದ್ಧತಿ ಒಳ್ಳೆಯದು. ಹಾಗೇ ಇಳಿಸಿದರೆ ಮಾತ್ರ ಎರಡು ಕಡೆ ಕೆಡುತ್ತದೆ. ಹೇಳಿದ್ದನ್ನೇ ಮರಳಿ ಹೇಳಿದರೆ ಅಣಕಿಸಿದಂತೆ ಕೇಳುತ್ತದೆ, ಅದರಲ್ಲೂ ಹೆಂಡತಿ ಗಂಡನ ಮಾತನ್ನು ಎಲ್ಲರೆದುರು ಮರಳಿ ಹೇಳಿದರೆ. ಜೊತೆಗೆ ಕಣ್ಣಿಗೆ ಕಣ್ಣಿಟ್ಟು ಕೂರಿಸಿದರೆ ವಿಚಾರಣೆಯ ಕೋಣೆಯಂತಾಗುತ್ತದೆ. ಪೊಲೀಸ್ ಠಾಣೆಯ ವಿಚಾರಣೆಯನ್ನು ನಿಜವಾಗಿಯೂ ಕಂಡು ಬಂದವರು ಆ ಗುಂಪಿನಲ್ಲಿರಬಹುದು. ಕುರ್ಚಿಗಳನ್ನು ಪಕ್ಕಪಕ್ಕ ಓರೆಯಾಗಿ ಇಡಿ. ಮರಳಿ ಹೇಳುವ ಬದಲು ‘ನನಗೆ ಕೇಳಿಸಿದ್ದು ಇಷ್ಟು, ಬಿಟ್ಟದ್ದು ಏನು’ ಎಂದು ಕೇಳಿಸಿ. ಒಂದು ಸರದಿಗೆ ಮೂರು ನಿಮಿಷ, ಒಟ್ಟು 15 ನಿಮಿಷ. ಮೊದಲ ವಿಷಯ ಹಗುರವಾಗಿರಲಿ: ರಜಾದಿನ ಎಲ್ಲಿ ಕಳೆಯುವುದು, ಇಷ್ಟೇ. ಅತ್ತೆಯ ವಿಷಯವನ್ನು ನಾಲ್ಕನೇ ವಾರಕ್ಕೂ ಮೊದಲು ಮುಟ್ಟಬೇಡಿ.

ಜಗಳ ಏರಿದಾಗ ‘ವಿರಾಮ ತೆಗೆದುಕೊಳ್ಳಿ’ ಎನ್ನುವುದೂ ಎಲ್ಲ ಪಠ್ಯಗಳಲ್ಲಿದೆ. ಇಲ್ಲಿ ಅದು ತಿರುಗಿಬೀಳಲು ಕಾರಣವಿದೆ. ಅರಬ್ಬಿಯಲ್ಲಿ ‘ಝಅಲ್’ ಎಂದರೆ ನೋವು ಬೆರೆತ ಮುನಿಸು. ಹತ್ತಿರದವರ ಮೇಲಷ್ಟೇ ಬರುವಂಥದು. ಝಅಲ್ ಆದವರನ್ನು ಇನ್ನೊಬ್ಬರು ಬಂದು ರಮಿಸಬೇಕು ಎಂಬ ಎಣಿಕೆ ಅದರೊಳಗೇ ಇದೆ. ಗಂಡ ವಿರಾಮವೆಂದು ಎದ್ದು ಹೊರಗೆ ಹೋದರೆ ಹೆಂಡತಿಗೆ ಕಾಣುವುದು ತನ್ನನ್ನು ರಮಿಸದೆ ಬಿಟ್ಟುಹೋದದ್ದು. ಆದ್ದರಿಂದ ವಿರಾಮಕ್ಕೆ ಮೂರು ಅಂಗ ಇರಲೇಬೇಕು: ಎಷ್ಟು ಹೊತ್ತಿಗೆ ಮರಳುತ್ತೇನೆ ಎಂಬ ಗಡಿಯಾರದ ಸಮಯ (ಅರ್ಧ ಗಂಟೆಗೆ ಕಡಿಮೆ ಬೇಡ, ನಿದ್ದೆಯ ಹೊತ್ತು ದಾಟಬಾರದು), ಎಲ್ಲಿರುತ್ತೇನೆ ಎಂಬ ಜಾಗ, ಮತ್ತು ಮರಳಿದಾಗ ಮೊದಲು ಮಾತಾಡುವವರು ಯಾರು ಎಂಬ ಒಪ್ಪಂದ. ಮೂರನೆಯದನ್ನು ಬಿಟ್ಟರೆ ಇಬ್ಬರೂ ಎದುರಿನವರು ರಮಿಸಲಿ ಎಂದು ಕಾಯುತ್ತಾ ಮಲಗುತ್ತಾರೆ. ಹೆಂಡತಿಗೂ ಹೋಗಲೊಂದು ಜಾಗ ಬೇಕು. ಮೊದಲೇ ಗೊತ್ತುಮಾಡಿಟ್ಟ ಒಬ್ಬ ಗೆಳತಿಯ ಮನೆಯಾದರೆ ಅದು ತವರಿನ ಬದಲಿಯಾಗುತ್ತದೆ. ‘ಅಲ್ಲಿಗೆ ಹೋದರೆ ಮನೆ ಬಿಟ್ಟಂತಲ್ಲ’ ಎಂದು ಇಬ್ಬರೂ ಶಾಂತವಾಗಿರುವಾಗಲೇ ಒಪ್ಪಿಕೊಂಡಿರಬೇಕು.

ಹಿರಿಯರ ಪಂಚಾಯಿತಿಯನ್ನು ಮತ್ತೆ ಕಟ್ಟುವುದು ಈ ತರಗತಿಯ ಹೃದಯ. ಕುರಾನಿನ ಅನ್ನಿಸಾ ಅಧ್ಯಾಯದ 35ನೇ ವಚನ, ಗಂಡಹೆಂಡಿರ ನಡುವೆ ಬಿರುಕಿನ ಭಯವಿದ್ದರೆ ಅವನ ಕಡೆಯಿಂದೊಬ್ಬ, ಅವಳ ಕಡೆಯಿಂದೊಬ್ಬ ಮಧ್ಯಸ್ಥರನ್ನು ನೇಮಿಸಿ ಎನ್ನುತ್ತದೆ. ಮುಸ್ಲಿಂ ದಂಪತಿಗೆ ಇದು ಗೊತ್ತಿರುವ ಮಾತು. ಲೆಬನಾನಿನ ಕ್ರೈಸ್ತರಲ್ಲಿ ಮದುವೆಯಲ್ಲಿ ಜೊತೆ ನಿಂತ ‘ಶ್ಬೀನ್’ಗೆ ಇಂಥ ಸಲುಗೆ ಇರುತ್ತದೆ. ಪ್ರತಿಯೊಬ್ಬರೂ ಎರಡು ಹೆಸರು ಬರೆಯಲಿ, ನಾಲ್ಕರಲ್ಲಿ ಇಬ್ಬರಿಗೂ ಒಪ್ಪಿಗೆಯಾದ ಇಬ್ಬರನ್ನು ಆರಿಸಲಿ. ಬಾಯಿಬಡುಕರಲ್ಲದವರು, ಸ್ವಂತ ದಾಂಪತ್ಯ ನೆಟ್ಟಗಿರುವವರು, ಹಿಂದಿನ ಜಗಳಗಳಲ್ಲಿ ತಮ್ಮವರಿಗೇ ಬುದ್ಧಿ ಹೇಳಿದವರು. ಅಮ್ಮಂದಿರು ಬೇಡ, ಅವರನ್ನು ಆ ಇಕ್ಕಟ್ಟಿಗೆ ಸಿಲುಕಿಸುವುದು ಅವರಿಗೂ ಒಳ್ಳೆಯದಲ್ಲ. ಮಧ್ಯಸ್ಥರು ಊರಿನಲ್ಲಿದ್ದರೆ ವಾಟ್ಸ್‌ಆ್ಯಪ್ ಕರೆ ಸಾಕು, ಆದರೆ ದಂಪತಿ ಇಬ್ಬರೂ ಒಟ್ಟಿಗೆ ಕರೆಯಲ್ಲಿರಬೇಕು, ಒಂದು ಕರೆಗೆ ಒಂದೇ ವಿಷಯ, 40 ನಿಮಿಷದ ಮಿತಿ. ಒಬ್ಬರೇ ಗುಟ್ಟಾಗಿ ಧ್ವನಿಸಂದೇಶ ಕಳಿಸಿದರೆ ಅದು ಮಧ್ಯಸ್ಥಿಕೆಯಲ್ಲ, ಚಾಡಿ. ಏಟು ಬೀಳುತ್ತಿರುವ ಮನೆಗೆ ಈ ದಾರಿ ಸಲ್ಲದು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ.

ಏಕೆಂದರೆ ಅದೇ ಅಧ್ಯಾಯದ 34ನೇ ವಚನವನ್ನು ಯಾರಾದರೂ ಎತ್ತುತ್ತಾರೆ, ಹೊಡೆಯಲು ಅನುಮತಿ ಇದೆಯಲ್ಲ ಎಂದು. ಬೋಧಕರು, ವಿಶೇಷವಾಗಿ ಹೊರಗಿನವರು, ಅಲ್ಲಿ ಧರ್ಮಶಾಸ್ತ್ರದ ವಾದಕ್ಕೆ ಇಳಿಯಬಾರದು. ಈ ವಿಷಯದಲ್ಲಿ ಖಚಿತ ನಿಲುವಿರುವ ಇಮಾಮರನ್ನು ಆ ವಾರ ಕರೆಸಿ. ಪ್ರವಾದಿ ತಮ್ಮ ಕೈಯಿಂದ ಯಾವ ಹೆಂಗಸನ್ನೂ ಸೇವಕರನ್ನೂ ಎಂದೂ ಹೊಡೆಯಲಿಲ್ಲ ಎಂಬ ಅವರ ಪತ್ನಿ ಆಯಿಷಾ ಅವರ ಹೇಳಿಕೆ ಸಹೀಹ್ ಮುಸ್ಲಿಂ ಎಂಬ ಹದೀಸ್ ಸಂಗ್ರಹದಲ್ಲಿದೆ. ಇಮಾಮರ ಬಾಯಿಂದ ಅದು ಬಂದರೆ ಕೋಣೆ ಮೌನವಾಗುತ್ತದೆ. ಕರೆಸುವ ಮೊದಲು ಅವರೊಡನೆ ಕೂತು ಮಾತಾಡಿ, ಅವರು ಏನು ಹೇಳುವರೆಂದು ತಿಳಿದುಕೊಳ್ಳಿ. ಬೋಧಕರು ಹೇಳಬೇಕಾದ್ದು ಒಂದೇ: ಇಲ್ಲಿನ ಕಾನೂನಿನಲ್ಲಿ ಇದು ಅಪರಾಧ.

ಹಣದ ವಾರಕ್ಕೆ ಇಡೀ ಎರಡು ಗಂಟೆ ಬೇಕು. ಇಸ್ಲಾಮೀ ನ್ಯಾಯದಲ್ಲಿ ಮನೆಯ ಖರ್ಚು, ಅಂದರೆ ‘ನಫಕಾ’, ಗಂಡನ ಹೊಣೆ. ಹೆಂಡತಿಯ ಗಳಿಕೆ ಅವಳದೇ. ಒಂದು ಸಂಬಳದಲ್ಲಿ ಬಾಡಿಗೆ ಕಟ್ಟಲಾಗದ ಊರಿಗೆ ಬಂದಮೇಲೆ ಇಬ್ಬರೂ ತಮಗೆ ಬೇಕಾದ ಅರ್ಧವನ್ನು ಹಿಡಿದುಕೊಳ್ಳುತ್ತಾರೆ. ಅವಳು ದುಡಿದದ್ದನ್ನು ಮನೆಗೆ ಹಾಕಲಿ ಎಂದು ಅವನು, ಖರ್ಚು ನಿನ್ನದೇ ಎಂದು ಅವಳು. ಊರಲ್ಲಿ ಎಂಜಿನಿಯರ್ ಆಗಿದ್ದವನು ಇಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರೆ ಈ ಜಗಳದಲ್ಲಿ ಹಣಕ್ಕಿಂತ ಮಾನವೇ ಹೆಚ್ಚು. ಸಿದ್ಧಾಂತ ಬಿಟ್ಟು ಹಾಳೆ ಹಿಡಿಯಿರಿ. ತಿಂಗಳಿಗೆ 4,000 ಡಾಲರ್ ಬರುವ ಕಾಲ್ಪನಿಕ ಮನೆ ಕೊಟ್ಟು, ಬಾಡಿಗೆ, ಊಟ, ಕಾರು ಎಲ್ಲ ಸೇರಿ 3,300 ಕಳೆಯಿಸಿ. ಉಳಿದ 700ರಲ್ಲಿ ಅವನ ತಾಯಿಗೆಷ್ಟು, ಅವಳ ತಾಯಿಗೆಷ್ಟು, ಇಲ್ಲಿಯ ಉಳಿತಾಯಕ್ಕೆಷ್ಟು ಎಂದು ಗಂಡಹೆಂಡಿರು ಬೇರೆಬೇರೆಯಾಗಿ ಬರೆದು ಆಮೇಲೆ ಹೋಲಿಸಲಿ. ಎರಡು ತವರಿಗೂ ಕಾಲಂ ಇಡಿ. ‘ಊರಿಗೆ ಕಳಿಸುವ ಹಣ’ ಎಂದು ಒಂದೇ ಕಾಲಂ ಇಟ್ಟರೆ ಅವಳ ಅಮ್ಮ ಅದರಲ್ಲಿ ಕಾಣೆಯಾಗುತ್ತಾಳೆ.

ಮಹರ್ ಅನ್ನೂ, ಅಂದರೆ ನಿಕಾಹ್‌ನಲ್ಲಿ ಗಂಡ ಹೆಂಡತಿಗೆ ಕೊಡಲು ಒಪ್ಪಿದ ವಧುಧನವನ್ನೂ, ಈ ವಾರವೇ ತೆಗೆಯಿರಿ. ‘ಮುಕದ್ದಮ್’ ಮದುವೆಯ ಹೊತ್ತಿಗೆ ಕೊಡುವುದು. ‘ಮುಅಖ್ಖರ್’ ವಿಚ್ಛೇದನ ಅಥವಾ ಸಾವಿನಲ್ಲಿ ಸಲ್ಲಬೇಕಾದ್ದು. ಅದನ್ನು ಕೆಲವು ಅಮೆರಿಕನ್ ನ್ಯಾಯಾಲಯಗಳು ಒಪ್ಪಂದವೆಂದು ಜಾರಿ ಮಾಡಿವೆ, ಕೆಲವು ನಿರಾಕರಿಸಿವೆ. ನಿಕಾಹ್ ಪತ್ರದ ಒಂದು ಪ್ರತಿ ಮತ್ತು ಅದರ ಇಂಗ್ಲಿಷ್ ಅನುವಾದ ಹೆಂಡತಿಯ ಕೈಯಲ್ಲೂ ಇರಬೇಕು.

ಇದೇ ಜಾಡಿನಲ್ಲಿ ಕಾನೂನಿನ ಎರಡು ಮಾತು. ಮಿಷಿಗನ್‌ನಲ್ಲಿ ಮಸೀದಿಯ ನಿಕಾಹ್ ಒಂದೇ ಸಾಲದು, ಕೌಂಟಿ ಕಚೇರಿಯ ಮದುವೆ ಪರವಾನಗಿ ಬೇಕು. ಅರ್ಜಿ ಹಾಕಿದ ಮೇಲೆ 3 ದಿನ ಕಾಯಬೇಕು, 33 ದಿನದೊಳಗೆ ಬಳಸಬೇಕು. ವಿಚ್ಛೇದನಕ್ಕೆ ಮಕ್ಕಳಿಲ್ಲದಿದ್ದರೆ 60 ದಿನ, ಅಪ್ರಾಪ್ತ ಮಕ್ಕಳಿದ್ದರೆ 6 ತಿಂಗಳ ಕಾಯುವಿಕೆ. ತಲಾಖ್ ಹೇಳಿ ನ್ಯಾಯಾಲಯಕ್ಕೆ ಹೋಗದವನು ಕಾನೂನಿನ ಕಣ್ಣಿನಲ್ಲಿ ಇನ್ನೂ ಗಂಡನೇ. ನ್ಯಾಯಾಲಯದ ತೀರ್ಪು ಸಿಕ್ಕಿಯೂ ಧಾರ್ಮಿಕ ಬಿಡುಗಡೆ ಸಿಗದವಳು ಸಮುದಾಯದ ಕಣ್ಣಿನಲ್ಲಿ ಇನ್ನೂ ಹೆಂಡತಿಯೇ. ಈ ಎರಡನೆಯದು ವರ್ಷಗಟ್ಟಲೆ ಹೆಂಗಸರ ಬದುಕನ್ನು ಕಟ್ಟಿಹಾಕುತ್ತದೆ.

ಹಾಸಿಗೆಯ ವಿಷಯವನ್ನು ಬಿಡಬಾರದು, ಬೆರೆಸಲೂಬಾರದು. ಆರನೇ ವಾರ, ಎರಡು ಬೇರೆ ಕೋಣೆ, ಗಂಡಸರಿಗೆ ಗಂಡು ವೈದ್ಯ, ಹೆಂಗಸರಿಗೆ ಹೆಣ್ಣು ವೈದ್ಯೆ ಅಥವಾ ನರ್ಸ್. ಬೀದಿಯ ಪದಗಳೂ ಬೇಡ, ಇಂಗ್ಲಿಷ್ ಪದಗಳೂ ಬೇಡ. ಧರ್ಮಶಾಸ್ತ್ರದ ಅರಬ್ಬಿ ಈ ವಿಷಯಕ್ಕೆ ಮರ್ಯಾದೆಯ ಪದಗಳನ್ನು ಬಹಳ ಹಿಂದೆಯೇ ಕೊಟ್ಟಿದೆ. ಪ್ರಶ್ನೆಗಳನ್ನು ಹಿಂದಿನ ವಾರವೇ ಹೆಸರಿಲ್ಲದ ಚೀಟಿಯಲ್ಲಿ ಡಬ್ಬಕ್ಕೆ ಹಾಕಿಸಿ. ಎಲ್ಲರೂ ಚೀಟಿ ಹಾಕಬೇಕು, ಪ್ರಶ್ನೆ ಇಲ್ಲದವರು ಖಾಲಿ ಚೀಟಿ ಹಾಕಲಿ. ಇಲ್ಲದಿದ್ದರೆ ಬರೆಯುತ್ತಿರುವವರು ಯಾರೆಂದು ಕಾಣುತ್ತದೆ.

ವರ್ಷಗಳ ಅಗಲಿಕೆಯ ನಂತರ ಕೂಡಿದ ದಂಪತಿಗಳದು ಬೇರೆಯೇ ಕಥೆ. 2017ರ ಜನವರಿಯಲ್ಲಿ ಅಮೆರಿಕ ಹೇರಿದ ಪ್ರಯಾಣ ನಿಷೇಧದಲ್ಲಿ ಇರಾಕ್, ಲಿಬಿಯಾ, ಸುಡಾನ್, ಸಿರಿಯಾ, ಯೆಮನ್ ಸೇರಿದ್ದವು. ಯೆಮನ್ 2025ರ ಜೂನ್‌ನಲ್ಲಿ ಮತ್ತೆ ಪಟ್ಟಿಗೆ ಬಂತು. ಹೀಗೆ ದೂರವಾಗಿ ಮತ್ತೆ ಸೇರಿದವರಲ್ಲಿ ಅವಳು ಒಬ್ಬಳೇ ಮನೆ ನಡೆಸಿದ್ದಾಳೆ, ಅವನು ಒಬ್ಬನೇ ಅಡುಗೆ ಮಾಡಿ ಉಂಡಿದ್ದಾನೆ, ಮಗುವಿಗೆ ಅಪ್ಪನೆಂದರೆ ಫೋನಿನ ಪರದೆ. ಇವರಿಗೆ ‘ಹಿಂದಿನಂತೆ ಆಗಿ’ ಎನ್ನುವ ಪಾಠ ಕ್ರೂರ. ಮೊದಲ ಮೂರು ತಿಂಗಳು ದೊಡ್ಡ ತೀರ್ಮಾನ ಬೇಡ, ಮಗುವನ್ನು ಶಿಸ್ತಿಗೆ ತರುವುದು ಸದ್ಯಕ್ಕೆ ತಾಯಿಗಿರಲಿ ಎಂಬಂಥ ಪುಟ್ಟ ಒಪ್ಪಂದಗಳು ಸಾಕು.

ಯುದ್ಧ ಕಂಡು ಬಂದವರಿಂದ ಗುಂಪಿನಲ್ಲಿ ಆ ಕಥೆ ಕೇಳಬೇಡಿ. ನಿದ್ದೆಯಿಲ್ಲದಿರುವುದು, ಸದ್ದಿಗೆ ಬೆಚ್ಚುವುದು, ಸಿಡಿಮಿಡಿ ಇವು ಪ್ರೀತಿ ಕಡಿಮೆಯಾದ ಗುರುತಲ್ಲ ಎಂದು ಎಲ್ಲರಿಗೂ ಸಾಮಾನ್ಯವಾಗಿ ಹೇಳಿ, ವೈದ್ಯರ ದಾರಿ ತೋರಿಸಿ. ಡಿಯರ್‌ಬಾರ್ನ್‌ನಲ್ಲಿ 1971ರಲ್ಲಿ ಹುಟ್ಟಿದ, ಅರಬ್ ಸಮುದಾಯದ ‘ಆ್ಯಕ್ಸೆಸ್’ ಸೇವಾ ಸಂಸ್ಥೆಯಂಥ ಕಡೆ ಆರೋಗ್ಯ, ಕೆಲಸ, ವಲಸೆ ಸೇವೆಗಳು ಒಂದೇ ಸೂರಿನಡಿ ಇರುವುದರಿಂದ ಯಾರು ಯಾವುದಕ್ಕೆ ಬಂದರೆಂದು ನೆರೆಯವರಿಗೆ ತಿಳಿಯುವುದಿಲ್ಲ. ದಾಂಪತ್ಯದ ತರಗತಿಗೂ ಅಂಥ ಕಟ್ಟಡವೇ ತಕ್ಕದ್ದು.

ಪ್ರಯೋಜನವಾಯಿತೇ ಎಂದು ಅಳೆಯುವಾಗ ‘ನಿಮ್ಮ ದಾಂಪತ್ಯ ಎಷ್ಟು ಸುಖವಾಗಿದೆ, ಒಂದರಿಂದ ಐದರೊಳಗೆ’ ಎಂದು ಕೇಳಿದರೆ ಎಲ್ಲರೂ ಐದೇ ಹಾಕುತ್ತಾರೆ, ‘ಅಲ್‌ಹಮ್ದುಲಿಲ್ಲಾಹ್’ ಎನ್ನುತ್ತಾರೆ. ಅದು ಕೃತಜ್ಞತೆಯೂ ಆಗಿರಬಹುದು, ಕದ ಮುಚ್ಚಿದ್ದೂ ಆಗಿರಬಹುದು. ಎಣಿಸಬಹುದಾದದ್ದನ್ನು ಕೇಳಿ. ಕಳೆದ ವಾರ ಎಷ್ಟು ಸಲ ಮಕ್ಕಳಿಲ್ಲದೆ 15 ನಿಮಿಷ ಮಾತಾಡಿದಿರಿ? ಮುನಿಸು ಎಷ್ಟು ದಿನ ಉಳಿಯಿತು? ಮೊದಲು ಮಾತಾಡಿದವರು ಯಾರು? ಇಬ್ಬರನ್ನೂ ಬೇರೆಬೇರೆ ಕೇಳಿ, ಉತ್ತರಗಳನ್ನು ಒಂದೇ ಕಡತದಲ್ಲಿ ಇಡಬೇಡಿ. ಮೂರು ತಿಂಗಳ ನಂತರ ಮತ್ತೆ ಫೋನ್ ಮಾಡಿ ಅದೇ ಮೂರು ಪ್ರಶ್ನೆ ಹಾಕಿ. ಆದರೆ ಬೆಳಿಗ್ಗೆ ಏಳರಿಂದ ಎಂಟರ ನಡುವೆ ಮಾಡಬೇಡಿ, ಊರಲ್ಲಿ ಆಗ ಮಧ್ಯಾಹ್ನ ಕಳೆದಿರುತ್ತದೆ, ಅವಳು ತಾಯಿಯ ಜೊತೆ ಮಾತಾಡುತ್ತಿರುತ್ತಾಳೆ.